ಹೂಮಳೆಗೆ ಪಂಪ್ ಇಳಿಸುವ ದಿನಗಳಲ್ಲಿ ಹೊಳೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಮಡುವಿನಂಚು

ಕೊಡಗಿನ ಸಣ್ಣ ಹೊಳೆಗಳ ಮೀನಿಗೆ ಕಷ್ಟದ ಕಾಲ ವರ್ಷದಲ್ಲಿ ಆರೇಳು ವಾರ. ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ. ರೋಬಸ್ಟ ಕಾಫಿಯ ಮೊಗ್ಗು ಬಲಿತು ನಿಂತಿರುತ್ತದೆ, ಮೋಡದ ಸುಳಿವಿರುವುದಿಲ್ಲ. ಮೊಗ್ಗು ಅರಳಲು ಬೇಕಾದ ಹೂಮಳೆಯನ್ನು ಪಂಪಿನಿಂದಲೇ ಕೊಡಬೇಕಾಗುತ್ತದೆ. ಒಂದು ತೋಟದಲ್ಲಿ ಜೆಟ್ (ದೊಡ್ಡ ಸ್ಪ್ರಿಂಕ್ಲರ್) ತಿರುಗಿದ ಸದ್ದು ಕೇಳಿಸಿತೆಂದರೆ ಮರುದಿನ ಕೊಲ್ಲಿಯ (ಹೊಳೆ ಹರಿಯುವ ಕಣಿವೆಯ) ಉದ್ದಕ್ಕೂ ಪಂಪ್‌ಗಳು ಇಳಿಯುತ್ತವೆ. ಆಮೇಲೆ ಮೂರು ನಾಲ್ಕು ದಿನ ಅಲ್ಲಿ ಹರಿಯುವ ಹೊಳೆ ಇರುವುದಿಲ್ಲ, ಗುಂಡಿಗಳ ಸಾಲಿರುತ್ತದೆ.

ಮೊದಲು ಲೆಕ್ಕ ಹಾಕೋಣ. ಲೆಕ್ಕವಿಲ್ಲದೆ ಮಾತಿಗಿಳಿದರೆ ಬೆಳೆಗಾರರ ಮೇಲೆ ದೂರು, ಮೀನಿನ ಮೇಲೆ ಮರುಕ, ಅಷ್ಟರಲ್ಲೇ ಮುಗಿದುಹೋಗುತ್ತದೆ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ 1,02,800 ಲೀಟರ್. ಹೂಮಳೆಗೆ ಒಂದೂಕಾಲು ಇಂಚು ಹಿಡಿದರೆ 1,28,500 ಲೀಟರ್. ಹೊಳೆಯ ಪಕ್ಕ ತಲಾ 8 ಎಕರೆಯ ಆರು ತೋಟ ಇವೆ ಅಂದುಕೊಳ್ಳಿ. 48 ಎಕರೆಗೆ ಬೇಕಾದದ್ದು ಸುಮಾರು 61.7 ಲಕ್ಷ ಲೀಟರ್. ಹೊಳೆಯಲ್ಲಿ ಸೆಕೆಂಡಿಗೆ 25 ಲೀಟರ್ ಹರಿಯುತ್ತಿದ್ದರೆ ದಿನಕ್ಕೆ 21.6 ಲಕ್ಷ ಲೀಟರ್ ಬರುತ್ತದೆ. ಅಂದರೆ ಆರೂ ತೋಟದ ಹೂಮಳೆಗೆ ಬೇಕಾದದ್ದು ಹೊಳೆಯ ಮೂರು ದಿನದ ನೀರು. ಕೊರತೆ ಅಂಥ ದೊಡ್ಡದಲ್ಲ.

ಪೆಟ್ಟು ಬೀಳುವುದು ಎಲ್ಲರೂ ಒಟ್ಟಿಗೆ ಎಳೆಯುವುದರಿಂದ. 10 ಎಚ್‌ಪಿ ಪಂಪ್ 45 ಮೀಟರ್ ಒತ್ತಡಕ್ಕೆ ಸೆಕೆಂಡಿಗೆ ಸುಮಾರು 10 ಲೀಟರ್ ಎತ್ತುತ್ತದೆ. ನಾಲ್ಕು ಪಂಪ್ ಒಟ್ಟಿಗೆ ಓಡಿದರೆ 40 ಲೀಟರ್. ಹೊಳೆ ಕೊಡುವುದು 25. ಕೆಳಗಿನ ಮಡುಗಳಿಗೆ ಹೋಗುವ ನೀರು ಆ ಕ್ಷಣಕ್ಕೇ ಕಡಿದುಹೋಯಿತು.

ಮೀನಿಗೆ ಬೇಕಾದದ್ದು ವರ್ಷದ ನೀರಿನಲ್ಲಿ ಪಾಲಲ್ಲ, ಈ ಕೆಲವು ವಾರ ನಿಲ್ಲದೆ ಹರಿಯುವ ಒಂದು ಎಳೆ ನೀರು. ಹೇಗೆ ಉಳಿಸಬಹುದು ಎಂಬ ಬಗ್ಗೆ ತೋಟ ಮಾಡುವವರೂ ಮೀನು ಬಲ್ಲವರೂ ಇಲ್ಲಿ ಬರೆಯಿರಿ.

ಜೆಟ್‌ಪೈಪ್

ಲೆಕ್ಕ ಸರಿ. ಆದರೆ ಎಲ್ಲರೂ ಒಟ್ಟಿಗೆ ಯಾಕೆ ಇಳಿಯುತ್ತಾರೆ ಎನ್ನುವುದಕ್ಕೆ ಕಾರಣ ಇದೆ. ಅದನ್ನು ಬಿಟ್ಟು ಸರದಿ ಬರೆದರೆ ಮೊದಲ ವಾರವೇ ಮುರಿಯುತ್ತದೆ.

ಒಂದು, ತ್ರೀಫೇಸ್ ಬರುವ ಹೊತ್ತು ಒಂದೇ ಲೈನಿನವರಿಗೆಲ್ಲ ಒಂದೇ. ಏಳು ಗಂಟೆ ಕರೆಂಟ್ ಇದ್ದರೆ ಏಳೂ ಗಂಟೆ ಎಲ್ಲ ಮೋಟಾರೂ ಓಡುತ್ತವೆ. ಎರಡು, ಅರೆಬರೆ ಮಳೆ. ಕಾಲು ಇಂಚು ಮಳೆ ಬಿದ್ದು ನಿಂತರೆ ಮೊಗ್ಗು ಎಚ್ಚೆತ್ತುಕೊಳ್ಳುತ್ತದೆ, ಅರಳಲು ನೀರು ಸಾಲುವುದಿಲ್ಲ. ಒಂದೆರಡು ದಿನದಲ್ಲಿ ಇನ್ನೂ ಮುಕ್ಕಾಲು ಇಂಚಾದರೂ ಕೊಡದಿದ್ದರೆ ಹೂ ಕೆಡುತ್ತದೆ, ಆ ವರ್ಷದ ಫಸಲು ಹೋದಂತೆಯೇ. ಅಂಥ ದಿನ ಯಾರೂ ಸರದಿಗೆ ಕಾಯುವುದಿಲ್ಲ, ಕಾಯಿರಿ ಎಂದು ಕೇಳುವುದೂ ನ್ಯಾಯವಲ್ಲ. ಮೂರು, ಭಯ. ಮೇಲಿನವರು ಎಳೆದುಬಿಟ್ಟರೆ ನಮಗಿಲ್ಲ ಎಂಬ ಭಯಕ್ಕೆ ಮೊಗ್ಗು ಬಲಿಯುವ ಮೊದಲೇ ನೀರು ಹಾಯಿಸುವವರಿದ್ದಾರೆ. ಅದು ನೀರಿಗೂ ದಂಡ, ಗಿಡಕ್ಕೂ ದಂಡ. ಡಿಸೆಂಬರ್ ಜನವರಿಯಲ್ಲಿ ಗಿಡ ಒಣಗಿ ಬಾಡಿದರೇ ಹೂ ಒಟ್ಟಾಗಿ ಬರುವುದು.

ಸರದಿಯನ್ನು ಈ ಮೂರಕ್ಕೂ ಹೊಂದುವಂತೆ ಮಾಡಬೇಕು. ಮೇಲಿನ 48 ಎಕರೆಯನ್ನೇ ತೆಗೆದುಕೊಳ್ಳಿ. ಡೀಸೆಲ್ ಪಂಪ್ ಒಂದೇ ಒಂದು, ದಿನಕ್ಕೆ 18 ಗಂಟೆ ಓಡಿದರೆ 6.48 ಲಕ್ಷ ಲೀಟರ್, ಅಂದರೆ ಐದು ಎಕರೆ. ಆರೂ ತೋಟ ಒಂಬತ್ತೂವರೆ ದಿನದಲ್ಲಿ ಮುಗಿಯುತ್ತದೆ, ಹೊಳೆಯಲ್ಲಿ ಯಾವಾಗಲೂ ಸೆಕೆಂಡಿಗೆ 15 ಲೀಟರ್ ಉಳಿಯುತ್ತದೆ. ಕರೆಂಟ್ ಮೋಟಾರ್ ಆದರೆ ಏಳು ಗಂಟೆಯಲ್ಲಿ ಎರಡು ಪಂಪ್ ಸೇರಿ ದಿನಕ್ಕೆ ನಾಲ್ಕು ಎಕರೆಗೆ ಸ್ವಲ್ಪ ಕಡಿಮೆ. ಹನ್ನೆರಡು ದಿನ ಬೇಕು. ಆ ಏಳು ಗಂಟೆ ಹೊಳೆಯಲ್ಲಿ ಉಳಿಯುವುದು 5 ಲೀಟರ್ ಮಾತ್ರ, ಆದರೆ ಉಳಿದ 17 ಗಂಟೆ ಪೂರ್ತಿ ಹರಿವು ಸಿಗುತ್ತದೆ.

ಒಂಬತ್ತು ಹತ್ತು ದಿನದ ಅಂತರ ರೋಬಸ್ಟಕ್ಕೆ ದೊಡ್ಡದಲ್ಲ. ನೆರಳು ತೆಳುವಾಗಿರುವ, ಬಿಸಿಲು ಬೀಳುವ ಬ್ಲಾಕುಗಳಲ್ಲಿ ಮೊಗ್ಗು ಮೊದಲು ಬಲಿಯುತ್ತದೆ, ಅವು ಮುಂದೆ. ತಂಪು ಕೊಲ್ಲಿಯ ಬ್ಲಾಕು ಹಿಂದೆ. ಸರದಿಯನ್ನು ಸರ್ವೆ ನಂಬರಿನ ಮೇಲೆ ಬರೆಯಬೇಡಿ, ಮೊಗ್ಗಿನ ಮೇಲೆ ಬರೆಯಿರಿ. ಅರೆಬರೆ ಮಳೆಯ ದಿನಕ್ಕೆ ಬೇರೆಯೇ ನಿಯಮ ಇರಲಿ: ಆ ದಿನ ಮಳೆ ಬಿದ್ದ ತೋಟಕ್ಕೆ ಮೊದಲ ಹಕ್ಕು, ಮುಕ್ಕಾಲು ಇಂಚಿಗಿಂತ ಹೆಚ್ಚು ಇಲ್ಲ, ಬೀಳದ ತೋಟದವರು ಪಂಪ್ ನಿಲ್ಲಿಸಿ ಬಿಟ್ಟುಕೊಡಬೇಕು. ಇದಕ್ಕೆ ಪ್ರತಿ ತೋಟದಲ್ಲಿ ಮಳೆ ಅಳೆಯುವ ಜಾಡಿ ಬೇಕು. ಕೊಡಗಿನಲ್ಲಿ ಅದಿಲ್ಲದ ಬೆಳೆಗಾರರ ಮನೆ ಕಡಿಮೆ, ಹಾಗಾಗಿ ಇದು ನಡೆಯುತ್ತದೆ.

ಸರ್ವೆಕಲ್ಲು

25 ಲೀಟರ್ ಅಂದಿರಿ. ಅಳೆದದ್ದೋ ಅಂದಾಜೋ? ಕಣ್ಣಂದಾಜಿನಲ್ಲಿ ಎಲ್ಲರೂ ತಪ್ಪುತ್ತಾರೆ, ಅದೂ ಹೆಚ್ಚಿನ ಕಡೆಗೇ. ಎರಡು ವಿಧಾನ ಬರೆಯುತ್ತೇನೆ.

ಮೊದಲನೆಯದಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. ನೇರವಾಗಿ ಹರಿಯುವ 10 ಮೀಟರ್ ಉದ್ದ ಅಳೆದು ಎರಡು ಕಡೆ ಹಗ್ಗ ಕಟ್ಟಿ. ಅಗಲ ಅಳೆಯಿರಿ, ಐದಾರು ಕಡೆ ಆಳ ಅಳೆದು ಸರಾಸರಿ ತೆಗೆಯಿರಿ. ಮೇಲಿನ ಹಗ್ಗಕ್ಕಿಂತ ಸ್ವಲ್ಪ ಮೇಲೆ ಕಿತ್ತಳೆ ಬಿಟ್ಟು ಕೆಳಗಿನ ಹಗ್ಗ ದಾಟುವವರೆಗೆ ಸೆಕೆಂಡ್ ಎಣಿಸಿ. ಕಿತ್ತಳೆ ಮುಕ್ಕಾಲು ಮುಳುಗಿ ತೇಲುವುದರಿಂದ ಗಾಳಿಗೆ ಸಿಕ್ಕುವುದಿಲ್ಲ, ಒಣ ಎಲೆ ಸಿಕ್ಕುತ್ತದೆ. ಅಗಲ 1.8 ಮೀಟರ್, ಆಳ 12 ಸೆಂ.ಮೀ., ಸಮಯ 60 ಸೆಕೆಂಡ್ ಆದರೆ ಗುಣಾಕಾರದಲ್ಲಿ ಸೆಕೆಂಡಿಗೆ 36 ಲೀಟರ್ ಬರುತ್ತದೆ. ಇದು ಮೇಲ್ಮೈ ವೇಗ. ತಳದ ಕಲ್ಲಿಗೆ ತಾಗಿ ಕೆಳಗಿನ ನೀರು ನಿಧಾನವಾಗಿರುತ್ತದೆ. ಕಲ್ಲು ತಳದ ಹೊಳೆಗೆ 0.7ರಿಂದ ಗುಣಿಸಿ: 25 ಲೀಟರ್. ಐದು ಸಲ ಬಿಟ್ಟು ಸರಾಸರಿ ತೆಗೆದರೂ ನೂರಕ್ಕೆ 20–30ರ ತಪ್ಪು ಇದ್ದೇ ಇರುತ್ತದೆ.

ಜಗಳ ಬರುವ ಕಡೆ ಇದು ಸಾಲದು. ವಿ-ನಾಚ್ ಹಾಕಿ. 3 ಮಿ.ಮೀ. ದಪ್ಪದ ಕಬ್ಬಿಣದ ತಗಡು, ನಡುವೆ 90 ಡಿಗ್ರಿ ಕೋನದ ಕಚ್ಚು, ಕಚ್ಚಿನ ಆಳ 30 ಸೆಂ.ಮೀ. ಎರಡು ಬದಿ ಮರಳುಚೀಲ, ಮೇಲುಬದಿಗೆ ಪ್ಲಾಸ್ಟಿಕ್ ಹಾಳೆ, ತಳಕ್ಕೆ ಗದ್ದೆಯ ಜೇಡಿಮಣ್ಣು ಮೆಟ್ಟಿ. ಕಚ್ಚಿನ ತಳದ ತುದಿಯಿಂದ ಎಷ್ಟು ಎತ್ತರಕ್ಕೆ ನೀರು ನಿಂತಿದೆ ಎಂಬುದೇ ಅಳತೆ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 4.4 ಲೀಟರ್, 15ಕ್ಕೆ 12, 20ಕ್ಕೆ 24.7, 25ಕ್ಕೆ 43, 30ಕ್ಕೆ 68. ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚಾಗುವುದನ್ನು ಗಮನಿಸಿ. ಅದಕ್ಕೇ ಸಣ್ಣ ಹರಿವಿಗೆ ಇದು ನಿಖರ.

ಕೆಡುವುದು ಎಲ್ಲಿ ಎಂದರೆ, ಎತ್ತರವನ್ನು ಕಚ್ಚಿನಲ್ಲೇ ಅಳೆಯುತ್ತಾರೆ. ಅಲ್ಲಿ ನೀರು ಬಾಗಿ ಇಳಿದಿರುತ್ತದೆ, ಕಡಿಮೆ ತೋರಿಸುತ್ತದೆ. ಕಚ್ಚಿನಿಂದ 1.2 ಮೀಟರ್ ಮೇಲೆ ಒಂದು ಗೂಟ ಹೊಡೆದು, ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ನಳಿಕೆ) ಹಿಡಿದು ಗೂಟದ ಸೊನ್ನೆಯನ್ನು ಕಚ್ಚಿನ ತುದಿಗೆ ಸಮ ಮಾಡಿ ಅಲ್ಲಿ ಓದಿ. ಬಿದ್ದ ನೀರು ಕೆಳಗಿನ ನೀರಿಗೆ ತಾಗದೆ ಗಾಳಿಯಲ್ಲಿ ಬೀಳಬೇಕು. ತಗಡು ಹಾಕಿದ ಕೂಡಲೇ ಓದಬೇಡಿ, ಹಿಂದೆ ನೀರು ತುಂಬಿ ನಿಲ್ಲಲು ಒಂದು ಗಂಟೆಯಾದರೂ ಬೇಕು. ಅಡಿಯಲ್ಲಿ ಸೋರಿಕೆ ಇದ್ದರೆ ಮೂರು ದಿನದ ಓದೂ ದಂಡ.

ಮಡುವಿನಂಚು

ವಿ-ನಾಚ್ ಒಳ್ಳೆಯದು, ಆದರೆ ಅದು ಮೀನಿಗೆ ಅಡ್ಡಗೋಡೆ. ಎರಡು ದಿನ ಇಟ್ಟು ಓದಿ ತೆಗೆದುಬಿಡಬೇಕು. ಆ ಎರಡು ದಿನದಲ್ಲಿ ಹತ್ತಿರದ ಒಂದು ಕದಲದ ಬಂಡೆಯ ಮೇಲೆ ನೀರಿನ ಮಟ್ಟ ಗುರುತಿಸಿಕೊಂಡು, ಯಾವ ಗೆರೆಗೆ ಎಷ್ಟು ಲೀಟರ್ ಎಂದು ಬರೆದಿಟ್ಟರೆ ಆಮೇಲೆ ತಗಡು ಬೇಕಿಲ್ಲ. ಪೇಂಟ್ ಗೆರೆ ಸಾಕು. ಮಳೆಗಾಲ ಕಳೆದ ಮೇಲೆ ತಳ ಬದಲಾಗಿರುತ್ತದೆ, ಪ್ರತಿ ವರ್ಷ ಜನವರಿಯಲ್ಲಿ ಮತ್ತೊಮ್ಮೆ ಅಳೆಯಬೇಕು.

ಬೇತ್ರಿಕಡೆ

ಎಷ್ಟು ಉಳಿಸಬೇಕು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ವರ್ಷದ ಸರಾಸರಿ ಹರಿವಿನಲ್ಲಿ ನೂರಕ್ಕೆ ಹತ್ತು ಬಿಟ್ಟರೆ ಕನಿಷ್ಠ, ಮೂವತ್ತು ಬಿಟ್ಟರೆ ಒಳ್ಳೆಯದು ಎಂಬ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. 1976ರಲ್ಲಿ ಟೆನಂಟ್ ಎಂಬವರು ಅಮೆರಿಕದ ಹೊಳೆಗಳನ್ನು ನೋಡಿ ಮಾಡಿದ್ದು. ಅಲ್ಲಿ ಹಿಮ ಕರಗಿ ಹರಿಯುತ್ತದೆ. ನಮ್ಮಲ್ಲಿ ವರ್ಷದ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹರಿದುಹೋಗುತ್ತದೆ. ಅದೂ ಸೇರಿಸಿ ಸರಾಸರಿ ತೆಗೆದರೆ, ಅದರ ಹತ್ತನೇ ಒಂದು ಭಾಗವೂ ಮಾರ್ಚ್‌ನಲ್ಲಿ ಹೊಳೆಯಲ್ಲಿ ಸಹಜವಾಗಿ ಇರುವ ನೀರಿಗಿಂತ ಹೆಚ್ಚಾಗಬಹುದು. ಬೆಳೆಗಾರರ ಮುಂದೆ ಆ ಅಂಕಿ ಇಟ್ಟರೆ ಮಾತುಕತೆ ಅಲ್ಲಿಗೇ ಮುಗಿಯಿತು.

ಶೇಕಡಾವಾರು ಬಿಡಿ, ಕಲ್ಲುಹಾಸು ನೋಡಿ. ಎರಡು ಮಡುಗಳ ನಡುವೆ ನೀರು ತೆಳ್ಳಗೆ ಸದ್ದು ಮಾಡುತ್ತಾ ಹರಿಯುವ ಜಾಗ ಅದು. ಎಲ್ಲಕ್ಕಿಂತ ಕೆಳಗಿನ ಪಂಪ್ ಆದಮೇಲೆ ಸಿಗುವ ಅತಿ ತೆಳುವಾದ ಹಾಸು ಆರಿಸಿ. ಅಲ್ಲಿ ಕನಿಷ್ಠ ಅರ್ಧ ಮೀಟರ್ ಅಗಲಕ್ಕೆ ನಾಲ್ಕು ಬೆರಳು, ಅಂದರೆ ಏಳೆಂಟು ಸೆಂ.ಮೀ. ನೀರು ಹರಿಯುತ್ತಿರಬೇಕು. ಸಣ್ಣ ಪಕ್ಕೆ ಮೀನು, ಗಾರಾ, ಮರಳಿನ ಲೋಚ್ ಇವಕ್ಕೆ ಮಡುವಿಂದ ಮಡುವಿಗೆ ದಾಟಲು ಅಷ್ಟು ಸಾಕು. ದೊಡ್ಡ ಮಹಶೀರ್‌ಗೆ ಸಾಲದು, ಆದರೆ ಮಾರ್ಚ್‌ನಲ್ಲಿ ಅದು ಆಳದ ಮಡು ಬಿಟ್ಟು ಏಳುವುದಿಲ್ಲ. ಅದಕ್ಕೆ ಬೇಕಾದದ್ದು ದಾರಿಗಿಂತ ಹೆಚ್ಚಾಗಿ ಆ ಹಾಸಿನ ಮೇಲೆ ಉರುಳಿ ಗಾಳಿ ಕುಡಿದು ಬರುವ ನೀರು.

ಆ ನಾಲ್ಕು ಬೆರಳಿನ ಮಟ್ಟಕ್ಕೆ ಕೆಂಪು ಗೆರೆ. ಅದಕ್ಕಿಂತ 3 ಸೆಂ.ಮೀ. ಮೇಲೆ ಹಳದಿ ಗೆರೆ. ಪಂಪ್ ನಿಲ್ಲಿಸಬೇಕಾದದ್ದು ಹಳದಿಗೆ, ಕೆಂಪಿಗಲ್ಲ. ಮೇಲೆ ಪಂಪ್ ನಿಲ್ಲಿಸಿದ ನೀರು ಕೆಳಗೆ ತಲುಪಲು ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 20 ಸೆಂ.ಮೀ. ವೇಗದಲ್ಲಿ ಒಂದು ಕಿಲೋಮೀಟರ್‌ಗೆ ಸುಮಾರು ಒಂದೂವರೆ ಗಂಟೆ. ನಡುವೆ ಇಳಿದುಹೋದ ಹತ್ತು ಮಡು ಇದ್ದರೆ ಅವೆಲ್ಲ ತುಂಬಿ ತುಳುಕಲು ಇನ್ನೊಂದು ಗಂಟೆ. ಕೆಂಪು ಮುಟ್ಟಿದ ಮೇಲೆ ಫೋನ್ ಮಾಡಿದರೆ ಎರಡೂವರೆ ಗಂಟೆ ಹಾಸು ಒಣಗಿರುತ್ತದೆ. ಗಾರಾ ಕಲ್ಲಿಗೆ ಬಾಯಿ ಕಚ್ಚಿ ನಿಲ್ಲುವ ಮೀನು, ನೀರು ಇಳಿದಾಗ ಓಡುವುದಿಲ್ಲ, ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಿಸಿಲಿಗೆ ಕಲ್ಲಿನ ಪಾಚಿ ಒಣಗಿ ಬಿಳುಚುವಷ್ಟರಲ್ಲಿ ಅದರ ಮೇಲೇ ಸತ್ತಿರುತ್ತದೆ.

ಮಡುವಿನಂಚು

ಇದಕ್ಕೆ ಸೇರಿಸುವುದು ಒಂದಿದೆ, ಯಾವಾಗ ನೋಡಬೇಕು ಎಂಬುದು. ಮಧ್ಯಾಹ್ನ ಹೋಗಿ ಮಡು ನೋಡಿ ಮೀನು ಚೆನ್ನಾಗಿವೆ ಎಂದು ಬರುವವರೇ ಹೆಚ್ಚು. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲವೂ ಸೇರಿ ಅದನ್ನು ತಿನ್ನುತ್ತವೆ. ಅತಿ ಕಡಿಮೆ ಇರುವುದು ಬೆಳಕು ಹರಿಯುವ ಮುನ್ನ. ಬೆಳಿಗ್ಗೆ ಐದೂವರೆಯಿಂದ ಆರೂವರೆಯೊಳಗೆ ಮಡುವಿನ ಬಳಿ ಸದ್ದಿಲ್ಲದೆ ಕೂತು ನೋಡಿ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದರೆ, ಮೀನುಗಳು ಮೇಲ್ಮೈಗೆ ಬಾಯಿ ಕೊಟ್ಟು ಸಾಲಾಗಿ ನಿಂತಿದ್ದರೆ, ಅವು ಹುಳ ಹಿಡಿಯುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿವೆ. ನೀರು ಒಳಬರುವ ಬಾಯಲ್ಲೇ ಎಲ್ಲ ಗುಂಪುಗೂಡಿದ್ದರೂ ಅದೇ ಅರ್ಥ.

ಬಿಸಿಯಾದಷ್ಟೂ ನೀರು ಹಿಡಿದಿಡುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಗೆ ಲೀಟರಿಗೆ 9.1 ಮಿಲಿಗ್ರಾಂ, 30 ಡಿಗ್ರಿಗೆ 7.6. ನಮ್ಮ 900 ಮೀಟರ್ ಎತ್ತರದಲ್ಲಿ ಅದರಲ್ಲೂ ಹತ್ತನೇ ಒಂದು ಭಾಗ ಕಡಿಮೆ. ಇದು ತುಂಬಿದ ಮಟ್ಟ, ನಿಂತ ಮಡುವಿನಲ್ಲಿ ಇದರ ಅರ್ಧವೂ ಇರುವುದಿಲ್ಲ. ಗಾಳಿಯಿಂದಲೇ ಉಸಿರೆಳೆಯಬಲ್ಲ ಕೊರವ ಮೀನು ಉಳಿದುಕೊಳ್ಳುತ್ತದೆ. ಹರಿವಿನ ಮೀನುಗಳು ಹೋಗುತ್ತವೆ. ಕೊರವ ಕಂಡು ಹೊಳೆ ಆರೋಗ್ಯವಾಗಿದೆ ಎಂದುಕೊಳ್ಳಬೇಡಿ.

ಜೆಟ್‌ಪೈಪ್

ಗೆರೆ ಹಾಕಿದರೂ ರಾತ್ರಿ ಎರಡು ಗಂಟೆಗೆ ಅದನ್ನು ಯಾರು ನೋಡುತ್ತಾರೆ? ಕಾವಲಿಲ್ಲದೆ ತಾನೇ ನಿಲ್ಲುವ ವ್ಯವಸ್ಥೆ ಬೇಕು. ಫುಟ್‌ವಾಲ್ವ್ (ಪಂಪ್ ನೀರೆಳೆಯುವ ಪೈಪಿನ ತುದಿಯ ಕವಾಟ) ಅನ್ನು ನೇರ ಮಡುವಿಗೆ ಇಳಿಸುವುದು ಬಿಟ್ಟು, ದಡದಲ್ಲಿ ಬದಿಗುಂಡಿ ತೆಗೆಯಿರಿ. 2 ಮೀಟರ್ ಉದ್ದ, 2 ಅಗಲ, ಒಂದೂವರೆ ಆಳ, ಸಿಮೆಂಟ್ ರಿಂಗೂ ಆಗುತ್ತದೆ. ಹೊಳೆಯಿಂದ ಗುಂಡಿಗೆ 6 ಇಂಚಿನ ಪಿವಿಸಿ ಪೈಪ್, ಪೈಪಿನ ತಳ ಹಳದಿ ಗೆರೆಯ ಮಟ್ಟಕ್ಕೆ. ಹೊಳೆ ಅದಕ್ಕಿಂತ ಇಳಿದರೆ ಗುಂಡಿಗೆ ನೀರು ಬರುವುದಿಲ್ಲ, ಪಂಪ್ ಎಳೆಯಲಾರದು.

ಸರ್ವೆಕಲ್ಲು

ಬದಿಗುಂಡಿ ಸರಿ, ಪೈಪ್ ಬೇಡ. 6 ಇಂಚಿನ ಪೈಪ್ 10 ಲೀಟರ್ ಒಳಬಿಡಬೇಕಾದರೆ ಅದು ಪೂರ್ತಿ ಮುಳುಗಿರಬೇಕು, ಅದರ ಮೇಲೂ ನಾಲ್ಕೈದು ಸೆಂ.ಮೀ. ಮಟ್ಟವ್ಯತ್ಯಾಸ ಬೇಕು. ತಳ ಹಳದಿ ಗೆರೆಗಿಟ್ಟರೆ ಹೊಳೆ ಅದಕ್ಕಿಂತ ಒಂದು ಗೇಣಿನಷ್ಟು ಮೇಲಿದ್ದಾಗ ಮಾತ್ರ ಪಂಪ್‌ಗೆ ಸಾಕಾಗುವಷ್ಟು ನೀರು. ಬೆಳೆಗಾರರು ಎರಡನೇ ದಿನವೇ ಪೈಪ್ ಕಿತ್ತು ಕೆಳಗಿಳಿಸುತ್ತಾರೆ, ಅವರದು ತಪ್ಪೂ ಅಲ್ಲ.

ಅಗಲವಾದ ಹೊಸ್ತಿಲು ಕಟ್ಟಿ. 60 ಸೆಂ.ಮೀ. ಅಗಲದ ಕಾಂಕ್ರೀಟ್ ಹೊಸ್ತಿಲಿನ ಮೇಲೆ 5 ಸೆಂ.ಮೀ. ನೀರಿದ್ದರೆ ಸೆಕೆಂಡಿಗೆ 11 ಲೀಟರ್ ಒಳಬೀಳುತ್ತದೆ, ಒಂದು ಪಂಪ್‌ಗೆ ಸಾಕು. 2 ಸೆಂ.ಮೀ.ಗೆ ಇಳಿದರೆ 3 ಲೀಟರ್. ಹೊಳೆ ಇಳಿದಂತೆಲ್ಲ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಗುಂಡಿಯೊಳಗಿನ ನೀರು ಹೊಸ್ತಿಲಿಗಿಂತ ಕೆಳಗಿರಬೇಕು, ಇಲ್ಲವಾದರೆ ಈ ಲೆಕ್ಕ ನಿಲ್ಲದು. ಹಾಗೆಯೇ ಗುಂಡಿ ಖಾಲಿಯಾದಾಗ ಮೋಟಾರ್ ಒಣಗಿ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಸ್ಟಾರ್ಟರಿಗೆ ಫ್ಲೋಟ್ ಸ್ವಿಚ್ ಹಾಕಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಡೀಸೆಲ್ ಎಂಜಿನ್ನಿಗೆ ಇಂಧನ ತಡೆಯುವ ಸೊಲೆನಾಯ್ಡ್ ಬೇಕು, ಇಲ್ಲದಿದ್ದರೆ ಆಳು ಇರಲೇಬೇಕು. ಎಂಜಿನ್ ಅಡಿಗೆ ತಗಡಿನ ತಟ್ಟೆ ಇಡಿ, ಹನಿ ಹನಿ ಸೋರುವ ಡೀಸೆಲ್ ನೇರ ಮಡುವಿಗೆ ಹೋಗುತ್ತದೆ.

ಬೇತ್ರಿಕಡೆ

ಮರಿಮೀನು ಫುಟ್‌ವಾಲ್ವಿಗೆ ಸಿಗುವುದರ ಬಗ್ಗೆಯೂ ಹೇಳಬೇಕು. 3 ಇಂಚಿನ ಪೈಪಿನಲ್ಲಿ 10 ಲೀಟರ್ ಹೋಗುವಾಗ ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಮೀರುತ್ತದೆ. ಅದರ ಬಾಯಿಯ ಬಳಿ ಬಂದ ಬೆರಳುದ್ದದ ಮೀನಿಗೆ ತಪ್ಪಿಸಿಕೊಳ್ಳುವ ಶಕ್ತಿ ಇಲ್ಲ. ಅಮೆರಿಕದ ಪಶ್ಚಿಮದಲ್ಲಿ ಸಾಲ್ಮನ್ ಮರಿಗಳಿಗಾಗಿ ಮಾಡಿದ ನಿಯಮದಲ್ಲಿ, ತಾನೇ ಶುಚಿಯಾಗದ ಜಾಲರಿಯ ಹತ್ತಿರ ನೀರಿನ ವೇಗ ಸೆಕೆಂಡಿಗೆ 6 ಸೆಂ.ಮೀ. ಮೀರಬಾರದು, ತೂತು 2.4 ಮಿ.ಮೀ. ಮೀರಬಾರದು. 10 ಲೀಟರಿಗೆ ಲೆಕ್ಕ ಹಾಕಿದರೆ ಜಾಲರಿಯ ವಿಸ್ತೀರ್ಣ 0.17 ಚದರ ಮೀಟರ್ ಬೇಕು. 30 ಸೆಂ.ಮೀ. ವ್ಯಾಸ, 60 ಸೆಂ.ಮೀ. ಉದ್ದದ ಜಾಲರಿ ಡ್ರಮ್ಮಿನ ಸುತ್ತಳತೆಯಲ್ಲಿ 0.56 ಸಿಗುತ್ತದೆ, ಅರ್ಧ ಎಲೆ ಕಟ್ಟಿಕೊಂಡರೂ ನಡೆಯುತ್ತದೆ.

ಸೊಳ್ಳೆಪರದೆ ಸುತ್ತಬೇಡಿ. ಫೆಬ್ರವರಿಯಲ್ಲಿ ಸಿಲ್ವರ್ ಓಕ್, ಹಾಲುವಾಣ ಎಲ್ಲ ಎಲೆ ಉದುರಿಸುತ್ತವೆ. ಹತ್ತು ನಿಮಿಷದಲ್ಲಿ ಕಟ್ಟಿಕೊಂಡು ಪಂಪ್ ಗಾಳಿ ಎಳೆಯುತ್ತದೆ, ಪರದೆ ಹರಿದು ಬಿಸಾಡುತ್ತಾರೆ. ಹೊರಗೆ ಅರ್ಧ ಇಂಚಿನ ವೆಲ್ಡ್ ಮೆಶ್, ಒಂದು ಗೇಣು ಬಿಟ್ಟು ಒಳಗೆ ಸಣ್ಣ ಜಾಲರಿ. ಎಲೆ ಹೊರಗಿನದಕ್ಕೆ ನಿಲ್ಲುತ್ತದೆ, ಕೈಯಲ್ಲಿ ಸವರಿದರೆ ಹೋಗುತ್ತದೆ.

ಗದ್ದೆಏರಿ

ಇವೆಲ್ಲ ಇರುವ ನೀರನ್ನು ಹಂಚಿಕೊಳ್ಳುವ ಮಾತು. ಮಾರ್ಚ್‌ನಲ್ಲಿ ಹೊಳೆಗೆ ಕೈ ಹಾಕುವುದನ್ನೇ ತಪ್ಪಿಸಬೇಕಾದರೆ ಹೊಂಡ ಬೇಕು. ಮೇಲಗಲ 21 ಮೀಟರ್ ಚೌಕ, ಆಳ 3 ಮೀಟರ್, ಬದಿ ಒಂದಕ್ಕೊಂದು ಇಳಿಜಾರು ಇದ್ದರೆ 9.8 ಲಕ್ಷ ಲೀಟರ್ ಹಿಡಿಯುತ್ತದೆ. ಬಿಸಿಲಿಗೆ ದಿನಕ್ಕೆ ನಾಲ್ಕೈದು ಮಿ.ಮೀ. ಆವಿ. ಡಿಸೆಂಬರಿನಿಂದ ಮೂರು ತಿಂಗಳಿಗೆ ಒಂದೂವರೆ ಲಕ್ಷ ಲೀಟರ್ ಹೋದರೂ ಎಂಟು ಲಕ್ಷ ಉಳಿಯುತ್ತದೆ, ಆರು ಎಕರೆಗೆ ಒಂದು ಸುತ್ತು. ಇಂಗದಂತೆ 500 ಮೈಕ್ರಾನ್ ಹಾಳೆ ಹಾಸಿದರೆ ಮಾತ್ರ ಈ ಲೆಕ್ಕ. ಗದ್ದೆಯ ಜೇಡಿ ತಳವಾದರೆ ಹಾಳೆ ಇಲ್ಲದೆಯೂ ನಡೆಯುತ್ತದೆ, ಬಾಣೆಯ (ಗದ್ದೆಯ ಮೇಲಿನ ಎತ್ತರದ ಜಾಗದ) ಕೆಂಪು ಮಣ್ಣಿನಲ್ಲಿ ನಡೆಯದು.

ತುಂಬಿಸುವುದು ತುಲಾ ಸಂಕ್ರಮಣದಿಂದ ಹುತ್ತರಿವರೆಗೆ (ಅಕ್ಟೋಬರ್ ನಡುವಿನಿಂದ ಸುಮಾರು ನವೆಂಬರ್ ಕೊನೆಯವರೆಗೆ), ಹೊಳೆ ಇನ್ನೂ ತುಂಬಿರುವಾಗ, ಪಂಪ್ ಇಲ್ಲದೆ. ಮೇಲಿಂದ 2 ಇಂಚಿನ ಪೈಪ್ ಎಳೆದು ಸೆಕೆಂಡಿಗೆ ಒಂದೇ ಲೀಟರ್ ಬಿಟ್ಟರೂ ಹನ್ನೆರಡು ದಿನದಲ್ಲಿ ಹೊಂಡ ತುಂಬುತ್ತದೆ. ಹೊಳೆಗೆ ಗೊತ್ತೂ ಆಗುವುದಿಲ್ಲ. ಅದೇ ನೀರನ್ನು ಮಾರ್ಚ್‌ನಲ್ಲಿ ಕರೆಂಟ್ ಇರುವ ಏಳು ಗಂಟೆಯಲ್ಲಿ ಎಳೆದರೆ ಹೊಳೆ ಸಾಯುತ್ತದೆ.

ಹೊಂಡದ ನೀರನ್ನು ಮೊದಲ ಹೂಮಳೆಗೇ ಖರ್ಚು ಮಾಡುವುದು ಎಲ್ಲೆಲ್ಲೂ ಕಾಣುವ ತಪ್ಪು. ಫೆಬ್ರವರಿ ನಡುವೆ ಹೊಳೆಯಲ್ಲಿ ಇನ್ನೂ ಸ್ವಲ್ಪ ಜೀವ ಇರುತ್ತದೆ. ಆಗ ಸರದಿಯಲ್ಲಿ ಹೊಳೆ ನೀರು ಬಳಸಿ. ಹದಿನೈದು ಇಪ್ಪತ್ತು ದಿನ ಕಳೆದು ಬ್ಯಾಕಿಂಗ್ (ಹೂ ಅರಳಿದ ಮೇಲಿನ ಎರಡನೇ ಸುತ್ತು ನೀರು) ಕೊಡುವ ಹೊತ್ತಿಗೆ ಹೊಳೆ ಅತಿ ಸಣ್ಣದಾಗಿರುತ್ತದೆ. ಹೊಂಡ ಇರಬೇಕಾದದ್ದು ಆಗ.

ಎಲ್ಲಿ ತೆಗೆಯಬಾರದು ಎಂಬುದು ಅಷ್ಟೇ ಮುಖ್ಯ. ಇಳಿಜಾರಿನ ನೆತ್ತಿಯಲ್ಲಿ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆಯ ಗುಡ್ಡಗಳು ಹೇಗೆ ಕುಸಿದವೆಂದು ಎಲ್ಲರಿಗೂ ಗೊತ್ತು. ನೀರು ಕುಡಿದ ಇಳಿಜಾರಿನ ಮೇಲೆ ಇನ್ನಷ್ಟು ನೀರಿನ ಭಾರ ಹೊರಿಸಬಾರದು. ಹೊಳೆಯ ಪಾತ್ರಕ್ಕೇ ಅಡ್ಡವಾಗಿ ಕೆರೆ ಕಟ್ಟುವುದೂ ಬೇಡ, ಅದು ತುಂಬುವವರೆಗೆ ಕೆಳಗೆ ಹನಿ ಬಿಡುವುದಿಲ್ಲ. ಈಗಾಗಲೇ ಹಾಗೆ ಕಟ್ಟಿದ್ದರೆ ಏರಿಯ ಬದಿಯಿಂದ 2–3 ಇಂಚಿನ ಬೈಪಾಸ್ ಪೈಪ್ ಇಟ್ಟು, ಬರುವ ನೀರಿನ ಒಂದು ಪಾಲು ಕೆರೆಗೆ ಸೇರದೆ ಹೋಗುವಂತೆ ಮಾಡಬಹುದು. ಕೆರೆಯ ತಳದ ತೂಬಿನಿಂದ ಬಿಡಬೇಡಿ, ತಳದ ನೀರಲ್ಲಿ ಆಮ್ಲಜನಕ ಇರುವುದಿಲ್ಲ. ಬೇಸಾಯ ಬಿಟ್ಟ ಗದ್ದೆಯ ಮೂಲೆಯೇ ಹೊಂಡಕ್ಕೆ ಸರಿಯಾದ ಜಾಗ.

ಹೊಂಡ ಆಯಿತೆಂದು ಜಿಲೇಬಿ ಮೀನನ್ನೋ ಆಫ್ರಿಕನ್ ಕ್ಯಾಟ್‌ಫಿಶ್ಶನ್ನೋ ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಿಷೇಧ. ಕಕ್ಕಡದ (ಆಟಿ ತಿಂಗಳ) ಮಳೆಗೆ ಹೊಂಡ ತುಳುಕಿದರೆ ಎರಡೂ ಮೀನು ಹೊಳೆ ಸೇರುತ್ತವೆ, ಆಮೇಲೆ ವಾಪಸ್ ಹಿಡಿಯುವ ದಾರಿಯಿಲ್ಲ. ನೀರು ಉಳಿಸಿ ಮೀನು ಕಳೆದುಕೊಂಡಂತಾಗುತ್ತದೆ.

ಕೊಲ್ಲಿಬಾಣೆ

ಇಷ್ಟೆಲ್ಲ ಮಾಡಿದ ಮೇಲೂ ಮೇಲಿನ ತೋಟದವರು ಒಪ್ಪದಿದ್ದರೆ? ನೀರು ನನ್ನ ಜಾಗದಲ್ಲಿ ಹರಿಯುತ್ತದೆ ಅಂದರೆ?

ಸರ್ವೆಕಲ್ಲು

ಹರಿಯುವ ನೀರು ಯಾರ ಆಸ್ತಿಯೂ ಅಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಕಲಂ ಇದಕ್ಕೆ ನೇರವಾಗಿ ಸಂಬಂಧಿಸಿದ್ದು. ಹೊಳೆಗೆ ತಾಗಿದ ಜಮೀನಿನವರು ಕುಡಿಯಲು, ಮನೆಗೆ, ದನಕ್ಕೆ ನೀರು ಬಳಸಬಹುದು. ಆ ಜಮೀನಿಗೆ ಹಾಯಿಸಲೂಬಹುದು, ಆದರೆ ತನ್ನಂಥ ಇತರ ಹೊಳೆಬದಿಯವರಿಗೆ ಗಣನೀಯ ತೊಂದರೆ ಆಗಬಾರದು. ಈ ಕಾಯ್ದೆ ಮೊದಲು ಜಾರಿಯಾದ ಪ್ರದೇಶಗಳಲ್ಲಿ ಮದರಾಸು, ಮಧ್ಯ ಪ್ರಾಂತ್ಯದ ಜೊತೆ ಕೊಡಗಿನ ಹೆಸರೂ ಇದೆ. ಆದರೆ ಇದು ಕೆಳಗಿನ ಜಮೀನಿನವರ ಹಕ್ಕು. ಮೀನಿನ ಪರ ಇದರಲ್ಲಿ ಒಂದು ಅಕ್ಷರವೂ ಇಲ್ಲ. ಅದಕ್ಕೇ ಕೋರ್ಟಿಗಿಂತ ಒಪ್ಪಂದ ಮೇಲು.

ಅಮೆರಿಕದ ಒರೆಗಾನ್‌ನಲ್ಲಿ 1987ರ ಕಾಯ್ದೆಯಿಂದ ಹೊಳೆಯಲ್ಲೇ ಬಿಟ್ಟ ನೀರಿಗೂ ಹಕ್ಕಿನ ಮಾನ್ಯತೆ ಸಿಕ್ಕಿತು. 1993ರಲ್ಲಿ ಶುರುವಾದ ಒರೆಗಾನ್ ವಾಟರ್ ಟ್ರಸ್ಟ್ ರೈತರಿಗೆ ಹಣ ಕೊಟ್ಟು ಅವರ ನೀರಿನ ಹಕ್ಕನ್ನು ಗೇಣಿಗೆ ಪಡೆದು ಹೊಳೆಗೇ ಬಿಡತೊಡಗಿತು. ಋತುವಿನ ಮೊದಲರ್ಧ ಹಾಯಿಸಿ, ಹೊಳೆ ಬತ್ತುವ ಎರಡನೇ ಅರ್ಧ ಬಿಟ್ಟುಕೊಡುವ ಗೇಣಿಯೂ ಅಲ್ಲಿದೆ. ನಮ್ಮಲ್ಲಿ ಮಾರುವ ಹಕ್ಕೇ ಇಲ್ಲ, ಹಾಗಾಗಿ ನೀರಿಗೆ ದುಡ್ಡು ಕೊಡುವ ಮಾತು ಬರುವುದಿಲ್ಲ. ಕೊಡಬೇಕಾದದ್ದು ಬದಲಾವಣೆಯ ಖರ್ಚು: ಬದಿಗುಂಡಿ, ಜಾಲರಿ, ಹೊಂಡದ ಹಾಳೆ. ಕೆಳಗಿನ ತೋಟದವರು ಮೇಲಿನವರ ಬದಿಗುಂಡಿಗೆ ಪಾಲು ಹಾಕಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಒಪ್ಪಂದ ಒಂದೇ ಹಾಳೆಯದಿರಲಿ. ಗೆರೆ ಇರುವ ಬಂಡೆ ಯಾವುದು, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಫೋಟೊ ಹಾಕುವವರು ಯಾರು, ಹಳದಿ ಮುಟ್ಟಿದರೆ ಯಾವ ಪಂಪ್ ಮೊದಲು ನಿಲ್ಲಬೇಕು, ಅರೆಬರೆ ಮಳೆಯ ದಿನ ಏನು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ಆ ಮಡುಗಳನ್ನೂ ಮೀನುಗಳನ್ನೂ ಬರೆಸಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಅಂಥ ಸಮಿತಿ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಬಂಡೆ ಮೇಲಿನ ಪೇಂಟ್ ಅಳಿದರೂ ಆ ಬರಹ ಉಳಿಯುತ್ತದೆ.

ಕೊಲ್ಲಿಬಾಣೆ

ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯವರು ಮಹಶೀರ್ ಮರಿ ಮಾಡುತ್ತಾರಲ್ಲ. ಬೇಸಿಗೆಯಲ್ಲಿ ಸತ್ತದ್ದಕ್ಕೆ ಮಳೆಗಾಲದಲ್ಲಿ ಮರಿ ಬಿಟ್ಟರೆ ಸಾಲದೆ?

ಬೇತ್ರಿಕಡೆ

ಸಾಲದು. ಕೃತಕವಾಗಿ ಮರಿ ಮಾಡಿ ಬಿಡುತ್ತಾ ಬಂದದ್ದು ಟೋರ್ ಖುದ್ರಿ, ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಮೂಲದ ದೊಡ್ಡ ಮೀನು ಬೆನ್ನುಬ್ಬಿನ ಮಹಶೀರ್. ಅದು ಟೋರ್ ರೆಮಾದೇವಿ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ, ಅದೇ ವರ್ಷ ಅದು ತೀರಾ ಅಪಾಯದಲ್ಲಿರುವ ಪ್ರಭೇದಗಳ ಕೆಂಪು ಪಟ್ಟಿಗೂ ಸೇರಿತು. ಬಿಟ್ಟ ಖುದ್ರಿ ಹೆಚ್ಚಿದಂತೆ ಕಾವೇರಿಯ ಗಾಳಕ್ಕೆ ಬೆನ್ನುಬ್ಬಿನದು ಸಿಗುವುದು ಕಡಿಮೆಯಾಗುತ್ತಾ ಬಂತು. ಗಾರಾ, ಲೋಚ್, ಸಣ್ಣ ಪಕ್ಕೆಗಳ ಮರಿಯನ್ನಂತೂ ಯಾರೂ ಮಾಡಿ ಬಿಡುವುದಿಲ್ಲ. ನೀರು ಇದ್ದರೆ ಅವು ತಾವೇ ಉಳಿಯುತ್ತವೆ.

ಗದ್ದೆಏರಿ

ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿನ ಮಾತು ಬಂದಿಲ್ಲ. ಹುಳಿ ಬಂದ ಪಲ್ಪಿಂಗ್ ನೀರಿನ ಆಮ್ಲತೆ ಪಿಎಚ್ 4ರ ಆಸುಪಾಸು, ಕೊಳೆಯುವಾಗ ಆಮ್ಲಜನಕವನ್ನೆಲ್ಲ ನುಂಗುತ್ತದೆ. ರೋಬಸ್ಟ ಪಲ್ಪಿಂಗ್ ಮುಗಿಯುವ ಹೊತ್ತಿಗೇ ಹೊಳೆ ಸಣ್ಣದಾಗುತ್ತದೆ. ಸುಣ್ಣ ಹಾಕಿ 6–7ಕ್ಕೆ ತಂದು, ಹೊಂಡಗಳಲ್ಲಿ ಕೊಳೆಸಿ, ತೋಟಕ್ಕೇ ಬಿಡಬೇಕು. ಹೊಳೆಯಲ್ಲಿ 5 ಲೀಟರ್ ಉಳಿಸಿ ಅದಕ್ಕೆ ಈ ನೀರು ಸೇರಿಸಿದರೆ ಉಳಿಸಿದ್ದೂ ವ್ಯರ್ಥ.

ಕೊಲ್ಲಿಬಾಣೆ

2018ರಲ್ಲಿ ಮಡುಗಳೇ ಮರಳು ತುಂಬಿಹೋದ ಕಡೆ ಏನು ಮಾಡಬೇಕು? ಜೆಸಿಬಿ ಇಳಿಸಿ ತೆಗೆಸಬಹುದೇ?

ಮಡುವಿನಂಚು

ಬೇಡ. ಜೆಸಿಬಿ ತೆಗೆದ ಗುಂಡಿ ಒಂದೇ ಮಳೆಗೆ ಮತ್ತೆ ತುಂಬುತ್ತದೆ, ದಡದ ಬೇರು ಕೀಳುತ್ತದೆ, ಮರಳಿನ ವ್ಯಾಪಾರಕ್ಕೆ ದಾರಿಯಾಗುತ್ತದೆ. ಹೊಳೆ ತಿರುಗುವ ಹೊರಬಾಗಿನಲ್ಲಿ, ಇಲಾಖೆಯ ಒಪ್ಪಿಗೆ ಪಡೆದು, ಇಬ್ಬರು ಮೂವರು ಸನ್ನೆಗೋಲಿನಲ್ಲಿ ಉರುಳಿಸಬಹುದಾದಷ್ಟು ದೊಡ್ಡ ಕಲ್ಲುಗಳನ್ನು ಓರೆಯಾಗಿ ಇಟ್ಟರೆ ಮಳೆಗಾಲದ ರಭಸ ಕಲ್ಲಿನ ಬುಡದಲ್ಲಿ ತಾನೇ ತೋಡುತ್ತದೆ. ನೀರು ತೋಡಿದ ಗುಂಡಿ ನಿಲ್ಲುತ್ತದೆ. ಹಾಗಾಗುವವರೆಗೆ ಆಳ ಉಳಿದಿರುವ ಒಂದೆರಡು ಮಡುಗಳಲ್ಲಿ ಯಾವ ಫುಟ್‌ವಾಲ್ವೂ ಇಳಿಯಬಾರದು. ಇಳಿದ ನೀರಿನಲ್ಲಿ ಬ್ಲೀಚಿಂಗ್ ಪುಡಿ, ತೋಟೆ (ಸಿಡಿಮದ್ದು) ಹಾಕುವವರೂ ಬರುವುದು ಅಲ್ಲಿಗೇ. 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅದು ಅಪರಾಧ. ಬೆಳಿಗ್ಗೆ ಆರರ ಫೋಟೊ ತೆಗೆಯುವವರ ಕಣ್ಣು ಮಡುವಿನ ಮೇಲೂ ಇರಲಿ.

ಜೆಟ್‌ಪೈಪ್

ಕೊನೆಯದಾಗಿ ಮೇ ತಿಂಗಳ ಕೆಲಸ. ಏಪ್ರಿಲ್ ಮಳೆ ಹಿಡಿದ ಮೇಲೆ ಪಂಪ್ ಎತ್ತಿದರೆ ಆಯಿತು ಎಂದು ಎಲ್ಲರೂ ಹೋಗಿಬಿಡುತ್ತಾರೆ. ಪಂಪ್‌ಗೆ ನೀರು ನಿಲ್ಲಿಸಲು ಹಾಕಿದ ಮರಳುಚೀಲದ ಕಟ್ಟ ಅಲ್ಲೇ ಉಳಿಯುತ್ತದೆ. ಜೂನ್ ಮೊದಲ ನೆರೆಗೆ ಮೊಟ್ಟೆ ಇಡಲು ಮೇಲೇರುವ ಮೀನು, ಮಲೆನಾಡಿನವರು ಹತ್ತುಮೀನು ಅನ್ನುವುದು, ಆ ಕಟ್ಟದ ಕೆಳಗೆ ನಿಂತುಬಿಡುತ್ತದೆ. ಅಲ್ಲೇ ಬಲೆ ಹಿಡಿದು ಕಾಯುವವರಿರುತ್ತಾರೆ. ಮೇ 20ರೊಳಗೆ ಚೀಲ ಎಲ್ಲ ಎತ್ತಿ ದಡಕ್ಕೆ ಹಾಕಿ, ಸುಮ್ಮನೆ ನಡುವೆ ಒಡೆದು ಬಿಟ್ಟರೆ ಪ್ಲಾಸ್ಟಿಕ್ ಚೀಲ ಹರಿದು ಹೊಳೆ ತುಂಬ ಆಗುತ್ತದೆ. ಹೊಸ್ತಿಲಿಗೆ ಹಲಗೆ ಅಡ್ಡ ಹಾಕಿ ಮುಚ್ಚಿ, ಇಲ್ಲದಿದ್ದರೆ ಬದಿಗುಂಡಿಗೆ ಮರಳು ತುಂಬುತ್ತದೆ, ಮೀನೂ ಒಳಗೆ ಸಿಕ್ಕಿಕೊಳ್ಳುತ್ತದೆ. ಜಾಲರಿ ಡ್ರಮ್ ಮನೆಗೆ ಒಯ್ದು ತೊಳೆದು ನೇತುಹಾಕಿ.

ಮಡುವಿನಂಚು

ಮೇ 20 ಎಂಬುದನ್ನೂ ಒಪ್ಪಂದದ ಹಾಳೆಗೆ ಸೇರಿಸಿಕೊಳ್ಳಿ. ಭಾಗಮಂಡಲ, ಕಕ್ಕಬ್ಬೆ ಕಡೆಯವರು ಹತ್ತು ದಿನ ಮುಂಚೆ ಇಟ್ಟುಕೊಳ್ಳುವುದು ಒಳ್ಳೆಯದು, ಅಲ್ಲಿ ಹೊಳೆ ಬೇಗ ಏಳುತ್ತದೆ.